ಗಾಯವಿಲ್ಲದ ಹೆಗಲು

ಬೆಳಗಿನ ಏಳಕ್ಕೇ ರೇಡಿಯೋದಲ್ಲಿ ಆಟದ ಸುದ್ದಿ ಹೇಳುವ ಬೊಲಿವಾರ್ ತನ್ನ ಹೆಸರು ಹಿಡಿದು ಜಗ್ಗಾಡುತ್ತಿದ್ದರೂ ತಂಡದ ಮ್ಯಾನೇಜರ್ ರಾದಾಮೆಸ್ ರೇಡಿಯೋ ಆರಿಸಲಿಲ್ಲ. ಆರಿಸಿದರೆ ಹೆದರಿದ ಹಾಗಾಗುತ್ತದೆ ಅನ್ನಿಸಿತು. ಅಡುಗೆಮನೆಯಲ್ಲಿ ಅವನನ್ನು ನೋಡುವವರು ಯಾರೂ ಇರಲಿಲ್ಲ ಅನ್ನುವುದು ಬೇರೆ ಮಾತು. ತಟ್ಟೆಯಲ್ಲಿ ಬೇಯಿಸಿ ಹಿಸುಕಿದ ಬಾಳೆಕಾಯಿ, ಅದರ ಮೇಲೆ ಹುಳಿಯಲ್ಲಿ ಬಾಡಿಸಿದ ಈರುಳ್ಳಿ, ಪಕ್ಕದಲ್ಲಿ ಕರಿದ ಸಲಾಮಿ ಮಾಂಸದ ಬಿಲ್ಲೆ, ಎಲ್ಲವೂ ಆರುತ್ತಿದ್ದವು. ನಮ್ಮ ಬೇಸ್‌ಬಾಲ್ ತಂಡದ ಕ್ಯಾಚರ್ ಅನ್ಸೆಲ್ಮೊನ ಎದುರು ಈ ಸಲ ಮೂವತ್ತೊಂದು ಜನ ಬೇಸ್ ಕದಿಯಲು ಓಡಿದ್ದಾರೆ, ಅವನು ಹಿಡಿದದ್ದು ಆರೇ ಜನರನ್ನು, ಇವನಿಗಿಂತ ನಮ್ಮೂರ ಪೊಲೀಸರೇ ವಾಸಿ ಎಂದು ಬೊಲಿವಾರ್ ಹೇಳಿದ. ಸ್ಟುಡಿಯೋದಲ್ಲಿ ಇನ್ನೊಬ್ಬ ಯಾರೋ ನಕ್ಕ. ಪಿಚರ್ ಚೆಂಡೆಸೆಯುವ ಕ್ಷಣದಲ್ಲಿ ಮೊದಲನೇ ಬೇಸಿನಿಂದ ಎರಡನೆಯದಕ್ಕೆ ಓಟ ಕೀಳುವ ಈ ಕಳ್ಳರಿಗಿಂತ ಮುಂಚೆ ಚೆಂಡನ್ನು ಅಲ್ಲಿಗೆ ತಲುಪಿಸುವುದು ಬ್ಯಾಟಿನ ಹಿಂದೆ ಕೂರುವ ಕ್ಯಾಚರನ ಕೆಲಸ, ಮತ್ತು ನಲವತ್ತರ ಅನ್ಸೆಲ್ಮೊ ಕುಕ್ಕರಗಾಲಿನಿಂದ ಎದ್ದು ಎಸೆಯುವ ಹೊತ್ತಿಗೆ ಕಳ್ಳ ಪ್ಯಾಂಟಿನ ಧೂಳು ಕೊಡವುತ್ತಿರುತ್ತಾನೆ. ಇದೇನೂ ಸುಳ್ಳಲ್ಲ. ಸುಳ್ಳಲ್ಲ ಅನ್ನುವುದಕ್ಕೇ ರಾದಾಮೆಸನಿಗೆ ಸಿಟ್ಟು ಬಂದದ್ದು. ಕೊನೆಗೆ ಬೊಲಿವಾರ್ ಹೇಳಿದ ಮಾತು ಬೇರೆ: “ಇವತ್ತು ಸಂಜೆ ಐದಕ್ಕೆ ರಾಜಧಾನೀಲಿ ಹೊಸ ಕ್ಯಾಚರ್ ಸಿಗ್ತಾನೆ. ಆದ್ರೆ ನಮ್ಮ ಮ್ಯಾನೇಜರ್ ಕೈ ಎತ್ತಬೇಕಲ್ಲ. ಕೊಂಪಾದ್ರೆನ ಮನೆಗೆ ಕಳಿಸೋದು ಅಂದ್ರೆ ಸುಮ್ನೇನಾ?”

ಕೊಂಪಾದ್ರೆ. ಹದಿನೆಂಟು ವರ್ಷದ ಹಿಂದೆ ಅನ್ಸೆಲ್ಮೊನ ಮಗಳು ಯೊಕಾಸ್ತಾಳ ತಲೆಯ ಮೇಲೆ ಪಾದ್ರಿ ದೀಕ್ಷಾಸ್ನಾನದ ನೀರು ಹಾಕುವಾಗ ಕೂಸನ್ನು ಎತ್ತಿಕೊಂಡು ನಿಂತ ಧರ್ಮತಂದೆ ರಾದಾಮೆಸ್. ಆ ಕೂಸು ಚೀರಿ ಚೀರಿ ಅವನ ಒಂದೇ ಒಂದು ಒಳ್ಳೆಯ ಅಂಗಿಯನ್ನು ಒದ್ದೆ ಮಾಡಿತ್ತು. ಅಲ್ಲಿಯವರೆಗೆ ಹದಿಮೂರು ವರ್ಷ ಕಿರಿಯನಾದ ಅನ್ಸೆಲ್ಮೊನನ್ನು ಏನೋ, ಬಾರೋ ಅನ್ನುತ್ತಿದ್ದವನು ಚರ್ಚಿನ ಮೆಟ್ಟಿಲಿಳಿಯುವಾಗಿನಿಂದ ನೀವು ಅನ್ನತೊಡಗಿದ; ಹೆತ್ತಪ್ಪ, ಧರ್ಮತಂದೆ ಇಬ್ಬರೂ ಪರಸ್ಪರ ಕೊಂಪಾದ್ರೆಗಳು, ಒಬ್ಬರನ್ನೊಬ್ಬರು ಹಾಗೇ ಮಾತಾಡಿಸಬೇಕು, ರಕ್ತಸಂಬಂಧವನ್ನಾದರೂ ಮುರಿದುಕೊಳ್ಳಬಹುದು, ಇದನ್ನು ಮುರಿಯುವ ಹಾಗಿಲ್ಲ. ಈಗ ಅದೇ ಮಾತನ್ನು ಊರು ಬೈಗುಳದ ಹಾಗೆ ಬಳಸುತ್ತಿತ್ತು. ಅವನು ತಟ್ಟೆಯನ್ನು ಹಾಗೇ ಬಿಟ್ಟು ಎದ್ದ. ಅಂಗಿಯ ಜೇಬಿನಲ್ಲಿ ದೋನ್ ಪ್ಲಾಸಿದೊ ಕೊಟ್ಟ ಚೀಟಿ ಇತ್ತು, ನಾಲ್ಕು ಮಡಿಕೆಯದು, ಅದರ ಮೂಲೆ ಎದೆಗೆ ಚುಚ್ಚುತ್ತಿತ್ತು.

ದೋನ್ ಪ್ಲಾಸಿದೊ ಅಂದರೆ ತಂಡದ ಅಧ್ಯಕ್ಷ, ಐಸ್ ಫ್ಯಾಕ್ಟರಿಯ ಧಣಿ, ಎಂದೂ ದನಿ ಎತ್ತದ ಮನುಷ್ಯ. ನಿನ್ನೆ ಸಂಜೆ ಕರೆಸಿ, ಕಾಫಿ ಕೊಟ್ಟು, ವಿಷಯವನ್ನು ನಯವಾಗಿ ಹರವಿಟ್ಟಿದ್ದ. ಆರು ತಂಡಗಳಲ್ಲಿ ಎರಡು ಮನೆಗೆ ಹೋಗಿವೆ. ಉಳಿದ ನಾಲ್ಕು ತಂಡಗಳು ಸೋತವರ ಆಟಗಾರರಲ್ಲಿ ಬೇಕಾದವರನ್ನು ಆರಿಸಿಕೊಳ್ಳುವ ದಿನ ಇಪ್ಪತ್ತಮೂರು. ಒಬ್ಬನನ್ನು ತರಬೇಕಾದರೆ ಒಬ್ಬನನ್ನು ಇಳಿಸಬೇಕು. ಸೋತ ತಂಡದಲ್ಲಿ ಕ್ರಿಸ್ಮೆಲ್ ಎಂಬ ಇಪ್ಪತ್ತನಾಲ್ಕರ ಕ್ಯಾಚರ್ ಇದ್ದಾನೆ, ಚೆಂಡೆಸೆದರೆ ಅವನ ಕೈ ಬಂದೂಕು. ಇನ್ನು ಅನ್ಸೆಲ್ಮೊ, ಅವನನ್ನು ಇಳಿಸುವುದು ಅಂತ ಯಾಕೆ ಅನ್ನಬೇಕು? ನಮ್ಮ ತಂಡದಲ್ಲಿ ಹಳೆಯ ಆಟಗಾರನನ್ನು ಯಾರೂ ಇಳಿಸಿದ್ದೇ ಇಲ್ಲ. ಅವನಿಗೆ ಗಾಯವಾಗುತ್ತದೆ, ಅಷ್ಟೆ. ಪ್ರತಿ ಡಿಸೆಂಬರ್ ಇಪ್ಪತ್ತಮೂರಕ್ಕೆ ನಲವತ್ತರ ಆಸುಪಾಸಿನವರ ಮೊಣಕಾಲೋ ಸೊಂಟವೋ ಬೆಳಗಾಗುವುದರೊಳಗೆ ಕೆಟ್ಟುಹೋಗುತ್ತದೆ, ಡಾಕ್ಟರು ಮೊದಲೇ ರುಜು ಹಾಕಿರುತ್ತಾರೆ, ಆಟಗಾರನೂ ಕೆಳಗೆ ಒಂದು ರುಜು ಹಾಕುತ್ತಾನೆ, ಪತ್ರಿಕೆಯಲ್ಲಿ ‘ದುರದೃಷ್ಟ’ ಎಂದು ಬರುತ್ತದೆ, ಅವನು ಸಮವಸ್ತ್ರ ತೊಟ್ಟು ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. “ನೀವೇ ಹೋಗಿ ರುಜು ಹಾಕಿಸ್ಕೊಂಡು ಬನ್ನಿ ರಾದಾಮೆಸ್,” ಎಂದಿದ್ದ ದೋನ್ ಪ್ಲಾಸಿದೊ, “ಇದು ಹೇಗೆ ಅಂತ ನಿಮಗೆ ಹೇಳ್ಕೊಡೋದೇನಿದೆ.” ಆ ಕೊನೆಯ ಮಾತನ್ನು ಅವನು ಬೇಕಂತಲೇ ಹೇಳಿದನೋ ಬಾಯಿತಪ್ಪಿ ಬಂತೋ ಎಂದು ರಾತ್ರಿಯೆಲ್ಲ ಯೋಚಿಸಿ ರಾದಾಮೆಸನಿಗೆ ನಿದ್ದೆ ಹತ್ತಿರಲಿಲ್ಲ.

ಮೂಲೆಯಂಗಡಿಯ ಮುಂದೆ ಡೊಮಿನೊ ಆಡುವ ನಾಲ್ವರು ಅವನು ಬರುವುದನ್ನು ಕಂಡು ಬಿಲ್ಲೆ ಕುಟ್ಟುವುದನ್ನು ನಿಲ್ಲಿಸಿದರು. ಹೀಗೆ ನಿಲ್ಲಿಸಿದರೆಂದರೆ ಏನೋ ಕಾದಿದೆ ಎಂದೇ ಅರ್ಥ. ಕ್ಷೌರದ ತತಿಕೊ ಎಲ್ಲರಿಗೂ ಕೇಳಿಸುವ ಹಾಗೆ ಅಂದ: “ರಾದಾಮೆಸಣ್ಣ, ಕ್ರಿಸ್ಮಸ್ಸಿಗೆ ಕೊಂಪಾದ್ರೆಗೆ ಒಂದು ಮೋಟಾರ್ ಸೈಕಲ್ ಕೊಡ್ಸಿ. ಎರಡನೇ ಬೇಸಿಗೆ ಚೆಂಡು ಅದರ ಮೇಲೆ ಹೋಗ್ಲಿ.” ನಕ್ಕರು. ಅವನೂ ನಕ್ಕ, ನಕ್ಕದ್ದಕ್ಕೆ ಹತ್ತು ಹೆಜ್ಜೆ ಆಚೆ ಹೋದ ಮೇಲೆ ನಾಚಿಕೆಯಾಯಿತು. ತಿರುಗಿ ಹೋಗಿ ಏನಾದರೂ ಹೇಳಬೇಕಿತ್ತು. ಏನು ಹೇಳಬಹುದಿತ್ತು? ಅನ್ಸೆಲ್ಮೊನನ್ನು ಉಳಿಸಿಕೊಂಡರೆ ಕೊಂಪಾದ್ರೆ ಅಂತ ಉಳಿಸಿಕೊಂಡ ಅನ್ನುತ್ತಾರೆ. ಇಳಿಸಿದರೆ ಕೊನೆಗೂ ಗಂಡಸಾದ ಅನ್ನುತ್ತಾರೆ, ಹಾಗೆ ಅನ್ನಿಸಿಕೊಳ್ಳಲು ತನ್ನ ಒಳಗೆಲ್ಲೋ ಒಂದು ಆಸೆ ಇದೆ ಎಂದು ಅವನಿಗೆ ಗೊತ್ತಾಗಿ ಹೋಯಿತು, ನಡುರಸ್ತೆಯಲ್ಲಿ, ಬಾಳೆಗೊನೆ ಹೇರಿದ ವ್ಯಾನೊಂದು ಹಾರ್ನ್ ಬಾರಿಸುತ್ತಿರುವಾಗ. ಬೊಲಿವಾರ್ ಬಾಯಲ್ಲಿ ಒಂದು ಒಳ್ಳೆಯ ಮಾತು. ಐವತ್ತಮೂರು ವರ್ಷದವನಿಗೆ ಇಂಥ ಆಸೆ. ಥೂ ಎಂದು ಉಗಿಯಬೇಕೆನಿಸಿತು, ಬಾಯಿ ಒಣಗಿತ್ತು.

ಅವನೇ ಈ ತಂಡದ ಕ್ಯಾಚರ್ ಆಗಿದ್ದಾಗ ಅವನಿಗೆ ಹೀಗೆ ಗಾಯವಾದದ್ದು ಮೂವತ್ತಮೂರನೇ ವಯಸ್ಸಿನಲ್ಲಿ, ಇಂಥದೇ ಇಪ್ಪತ್ತಮೂರನೇ ತಾರೀಖು. ಹಿಂದಿನ ಸಂಜೆಯಷ್ಟೇ ಎರಡನೇ ಬೇಸಿಗೆ ಹದಿನೈದು ಚೆಂಡು ಎಸೆದಿದ್ದ, ಹದಿನೈದೂ ನೆಟ್ಟಗೆ ಹೋಗಿದ್ದವು. ಆದರೆ ಅವನ ಬ್ಯಾಟಿಗೆ ಆ ವರ್ಷ ಏನೂ ತಾಗುತ್ತಿರಲಿಲ್ಲ, ಸಕ್ಕರೆ ಗಿರಣಿಯ ಕಡೆಯಿಂದ ಅನ್ಸೆಲ್ಮೊ ಎಂಬ ಇಪ್ಪತ್ತರ ಹುಡುಗ ಬಂದಿದ್ದ, ಆಗಿನ ಅಧ್ಯಕ್ಷ ಒಂದು ಚೀಟಿ ತೋರಿಸಿದ: ಬಲ ಹೆಗಲು. ರಾದಾಮೆಸ್ ರುಜು ಹಾಕಿದ. ಹಾಕಿದ ಮೇಲೆ ಡಾಕ್ಟರು ಬಿಳಿ ಬಟ್ಟೆಯಲ್ಲಿ ಅವನ ಕೈ ಮಡಿಸಿ ಕೊರಳಿಗೆ ತೂಗುಹಾಕಿದರು, ಇದು ಊರಿಗೆ ತೋರಿಸಲಿಕ್ಕೆ, ಎಂದರು. ಒಂದು ತಿಂಗಳು. ಎಡಗೈಯಲ್ಲಿ ಉಣ್ಣುವುದನ್ನು ಕಲಿತ. ಬಸ್ಸಿನಲ್ಲಿ ಗರ್ಭಿಣಿಯೊಬ್ಬಳು ಎದ್ದು ಸೀಟು ಬಿಟ್ಟುಕೊಟ್ಟಳು, ಕೂತ. ಅಮ್ಮ ಮಾತ್ರ ಯಾವ ಡಾಕ್ಟರನ್ನೂ ನಂಬುವವಳಲ್ಲ. ಕುರಿಯ ಕೊಬ್ಬನ್ನು ಕಾಯಿಸಿ ದಿನಾ ಬೆಳಿಗ್ಗೆ ಸಂಜೆ ಆ ಹೆಗಲಿಗೆ ತಿಕ್ಕುತ್ತಿದ್ದಳು. ಅವಳ ಹೆಬ್ಬೆರಳು ನೋವನ್ನು ಹುಡುಕುತ್ತಿತ್ತು. ಇಲ್ಲೇನಾ? ಇಲ್ಲೇನಾ? ಎನ್ನುತ್ತಿದ್ದಳು. ಹೂಂ, ಅಲ್ಲೇ, ಎನ್ನುತ್ತಿದ್ದ. ನೋವಿಲ್ಲದ ಕಡೆ ಅಷ್ಟು ಹೊತ್ತು ಕೈಯಾಡಿಸಿದರೆ ನೋವು ಬಂದೇ ಬರುತ್ತದೆ. ಒಂದೆರಡು ದಿನ ನಿಜವಾಗಿಯೂ ನೋಯುತ್ತಿದೆ ಅನ್ನಿಸಿ ಅವನಿಗೆ ಸಂತೋಷವಾಗಿತ್ತು. ಹದಿನೇಳನೇ ದಿನ ಅವಳು ಒಲೆಯಿಂದ ಅವರೆಕಾಳಿನ ಪಾತ್ರೆ ಇಳಿಸುತ್ತಿದ್ದಳು. ಪಾತ್ರೆ ಹಿಡಿದ ಬಟ್ಟೆ ಜಾರಿತು. ಪಾತ್ರೆ ವಾಲುವುದನ್ನು ಅವನು ಕಂಡ, ಅವನು ಒಂದು ಮಾರು ದೂರದಲ್ಲಿದ್ದ, ಸಮಯವಿತ್ತು. ಹದಿನಾಲ್ಕು ವರ್ಷ ಗಂಟೆಗೆ ತೊಂಬತ್ತು ಮೈಲಿಯಲ್ಲಿ ಬರುವ ಚೆಂಡು ಹಿಡಿದವನಿಗೆ ಅದು ಬೇಕಾದಷ್ಟು ಸಮಯ. ಬಲಗೈ ಬಟ್ಟೆಯೊಳಗೆ ಮಿಸುಕಿತು, ಹೊರಗೆ ಬರಲಿಲ್ಲ. ಬರಲಿಲ್ಲ ಅಂದರೆ ಸುಳ್ಳು, ಅವನು ಬರಗೊಡಲಿಲ್ಲ. ಕುದಿಯುವ ಕಾಳು ಅವಳ ಪಾದದ ಮೇಲೆ ಸುರಿಯಿತು. ನೆಲದ ಮೇಲೆ ಕೂತು, ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಮ್ಮ ಅಂದದ್ದು: “ಬಿಡು ಮಗ, ಆ ಕೈ ಇಟ್ಕೊಂಡು ನೀನೇನು ಮಾಡಕ್ಕಾಗ್ತಿತ್ತು.” ಆರು ವರ್ಷದ ಹಿಂದೆ ಅವಳು ಹೋದಾಗ ಹೆಂಗಸರು ಅವಳ ಕಾಲಿಗೆ ಬಿಳಿ ಮೇಜೋಡು ತೊಡಿಸಿದ್ದರು. ಸುಟ್ಟ ಆ ಕಲೆ ಕಾಣಿಸಲಿಲ್ಲವೆಂದು ಅವನಿಗೆ ನೆಮ್ಮದಿಯಾಯಿತು, ಆ ನೆಮ್ಮದಿಗೆ ಕ್ಷಮೆಯಿಲ್ಲ ಎಂದೂ ಅನ್ನಿಸಿತು.

ಅನ್ಸೆಲ್ಮೊನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಅವನ ಹೆಂಡತಿ ಮಿಲಾಗ್ರೋಸ್ ತುರಿದ ಬಾಳೆಕಾಯಿಯ ಹಿಟ್ಟನ್ನು ಬಾಡಿಸಿದ ಬಾಳೆಲೆಯಲ್ಲಿ ಹರಡಿ, ನಡುವೆ ಮಾಂಸವಿಟ್ಟು, ಮಡಿಸಿ ದಾರ ಕಟ್ಟುತ್ತಿದ್ದಳು. ನಾಳೆ ಇಪ್ಪತ್ತನಾಲ್ಕು, ಕ್ರಿಸ್ಮಸ್ ಮುನ್ನಾದಿನದ ಹಬ್ಬದೂಟ. ಯೊಕಾಸ್ತಾ ಎಲೆ ಒರೆಸುತ್ತಿದ್ದವಳು ಕೈ ಮೈಗೆ ಒರೆಸಿಕೊಂಡು ಎದ್ದು ಬಂದಳು. “ಆಶೀರ್ವಾದ ಮಾಡಿ, ಪದ್ರೀನೊ.” ದೇವರು ಒಳ್ಳೇದು ಮಾಡ್ಲಿ ಮಗಳೇ, ಎಂದ. ಪದ್ರೀನೊ, ಅಂದರೆ ಧರ್ಮತಂದೆ, ನೀರು ಹಾಕಿಸಿದ ಮಕ್ಕಳಿಗೆ ಇಷ್ಟು ಹೇಳಲೇಬೇಕು, ಪ್ರತಿಸಲವೂ. ಹೇಳುವಾಗ ಜೇಬಿನಲ್ಲಿದ್ದ ಚೀಟಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದೇನೆಂದು ಆಮೇಲೆ ಗಮನಕ್ಕೆ ಬಂತು. ಅನ್ಸೆಲ್ಮೊ ಹಿತ್ತಿಲಲ್ಲಿ ಮಾವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಎರಡೂ ಮೊಣಕಾಲಿಗೆ ಟವೆಲಿನಲ್ಲಿ ಐಸ್ ಕಟ್ಟಿಕೊಂಡು ಕೂತಿದ್ದ. ಹೆಗಲ ಕಡೆ ಅಗಲವಾಗಿದ್ದ, ಕಾಲಿನ ಕಡೆ ಮುದುಕನಾಗಿದ್ದ. ಬಲಗೈಯ ಮೂರು ಬೆರಳು ಮೂರು ಕಡೆ ನೋಡುತ್ತಿದ್ದವು. ಚೆಂಡು ಬಡಿದು ಮುರಿದ ಬೆರಳು ಯಾವ ಕ್ಯಾಚರನಿಗೂ ನೆಟ್ಟಗೆ ಕೂಡುವುದಿಲ್ಲ. ರಾದಾಮೆಸ್ ನಾಲ್ಕು ಮಾತು ಹಬ್ಬದ್ದು, ಎರಡು ಮಾತು ಸೆಕೆಯದ್ದು ಆಡಿದ. ಅನ್ಸೆಲ್ಮೊ ಕಾದು ನೋಡಿ, ಕೈ ಚಾಚಿದ.

“ಅದೇನು ಕೊಡಿ ಕೊಂಪಾದ್ರೆ. ಆಗ್ಲಿಂದ ಜೇಬು ಮುಟ್ಕೋತಾನೇ ಇದ್ದೀರಿ.”

ಚೀಟಿಯನ್ನು ಅವನು ಎರಡು ಸಲ ಓದಿದ. ಓದುವಾಗ ತುಟಿ ಅಲ್ಲಾಡುತ್ತಿತ್ತು.

“ಬಲಗಾಲು ಅಂತ ಬರ್ದಿದ್ದಾರೆ,” ಎಂದ. “ಹೆಚ್ಚು ನೋಯೋದು ಎಡಗಾಲು. ಕೇಳಿದ್ರೆ ಹೇಳ್ತಿದ್ದೆ.”

ರಾದಾಮೆಸ್ ತಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದ. ಇದರಲ್ಲಿ ಅವಮಾನವಿಲ್ಲ, ಎಲ್ಲರೂ ಮಾಡಿದ್ದೇ, ಸಮವಸ್ತ್ರ ಇದ್ದೇ ಇರುತ್ತದೆ, ಮುಂದಿನ ವರ್ಷ ತನ್ನ ಪಕ್ಕದಲ್ಲೇ ಕೋಚ್ ಆಗಿ ಕೂರಬಹುದು. ಹೇಳುತ್ತ ಹೇಳುತ್ತ ಅದು ತನ್ನ ದನಿಯಲ್ಲ, ದೋನ್ ಪ್ಲಾಸಿದೊನ ದನಿ, ಅವನಿಗೂ ಮುಂಚಿನ ಅಧ್ಯಕ್ಷನ ದನಿ ಎಂದು ಕೇಳಿಸತೊಡಗಿತು. ಅನ್ಸೆಲ್ಮೊ ಟವೆಲ್ ಬಿಚ್ಚಿದ. ಕರಗಿದ ಐಸು ಮಣ್ಣಿಗೆ ಸುರಿಯಿತು.

“ಹದಿನೆಂಟು ವರ್ಷದಿಂದ ಈ ಕಾಲು ನೋಯ್ತಿವೆ. ನೋಯ್ತಿದೆ ಅಂತ ಒಂದಿನ ನಿಮ್ಮ ಹತ್ರ ಬಂದಿದ್ದೀನಾ? ಇಲ್ಲ. ನಿಜವಾಗಿ ನೋಯ್ತಿದ್ದಾಗಲೇ ಹೇಳ್ಲಿಲ್ಲ, ಈಗ ಆಟ ಬಿಡೋಕೆ ಹೇಳ್ಲಾ? ನನ್ನ ಕೈ ನಿಧಾನ ಆಗಿದೆ. ಅದನ್ನ ಬರೀರಿ. ಅನ್ಸೆಲ್ಮೊನ ಚೆಂಡು ಎರಡನೇ ಬೇಸಿಗೆ ಹೊತ್ತಿಗೆ ಸರಿಯಾಗಿ ತಲುಪಲ್ಲ, ಅದಕ್ಕೆ ಇಳಿಸಿದ್ದೀನಿ ಅಂತ ಬರೀರಿ, ಕೆಳಗೆ ನಿಮ್ಮ ರುಜು ಹಾಕಿ. ಅದನ್ನ ನಾನು ಈ ಮನೆ ಬಾಗಿಲಿಗೆ ಅಂಟಿಸ್ತೀನಿ, ಬೇಕಾದೋರು ಓದ್ಲಿ. ಇದಕ್ಕೆ ಮಾತ್ರ ನನ್ನ ರುಜು ಕೇಳ್ಬೇಡಿ.”

ಅಷ್ಟಕ್ಕೆ ಬಿಟ್ಟಿದ್ದರೆ ರಾದಾಮೆಸ್ ಹೇಗಾದರೂ ತಡೆದುಕೊಳ್ಳುತ್ತಿದ್ದ. ಅನ್ಸೆಲ್ಮೊ ಚೀಟಿಯನ್ನು ಮೊದಲಿನ ಹಾಗೇ ನಾಲ್ಕು ಮಡಿಕೆ ಮಾಡಿ ವಾಪಸು ಕೊಡುತ್ತ, ಸಿಟ್ಟಿಲ್ಲದೆ, ಹಳೆಯ ಹವಾಮಾನದ ವಿಷಯ ಹೇಳುವವನಂತೆ ಅಂದ:

“ನಿಮ್ಮ ಹೆಗಲು ಚೆನ್ನಾಗಿತ್ತು. ಹಿಂದಿನ ಸಂಜೆ ನೀವು ಎಸೆದ ಹದಿನೈದು ಚೆಂಡನ್ನೂ ಎರಡನೇ ಬೇಸಲ್ಲಿ ನಿಂತು ಹಿಡಿದೋನು ನಾನೇ. ನನ್ನ ಅಂಗೈ ಊದಿತ್ತು. ಇಪ್ಪತ್ತು ವರ್ಷ ಯಾರಿಗೂ ಹೇಳಿಲ್ಲ, ಮಿಲಾಗ್ರೋಸ್‌ಗೂ ಹೇಳಿಲ್ಲ. ನಿಮ್ಮ ಜಾಗ ನನಗೆ ಸಿಕ್ಕಿದ್ದು ನೀವು ಸುಳ್ಳಿಗೆ ತಲೆ ಬಾಗಿಸಿದ್ರಿಂದ, ಅದು ನನಗೆ ದಿನಾ ನೆನಪಿದೆ. ನನ್ನ ಜಾಗ ಆ ಕ್ರಿಸ್ಮೆಲ್‌ಗೆ ಹಾಗೆ ಕೊಡಲ್ಲ. ಕಿತ್ಕೊಂಡ್ರೆ ಕಿತ್ಕೊಳ್ಳಲಿ, ಅದು ಅವನಿಗೂ ಮರ್ಯಾದೆ.”

ಹೊರಡುವಾಗ ಮಿಲಾಗ್ರೋಸ್ ಬಿಸಿ ಬಿಸಿ ಆರು ಎಲೆಕಟ್ಟುಗಳನ್ನು ಚೀಲದಲ್ಲಿ ಹಾಕಿ ಕೈಗಿತ್ತಳು. ಬೇಡವೆನ್ನುವ ಧೈರ್ಯ ಅವನಿಗಿರಲಿಲ್ಲ. ಮನೆಗೆ ನಡೆದುಬಂದು, ರಾಜಧಾನಿಗೆ ಹೊರಡಲು ಕಾರಿನಲ್ಲಿ ಕೂತ ಮೇಲೆ ಅವನಿಗೆ ಸಿಟ್ಟು ಬಂತು, ಅದೂ ಅನ್ಸೆಲ್ಮೊನ ಮೇಲೆ. ಒಂದು ರುಜು ಹಾಕಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಗೊತ್ತಿತ್ತಂತೆ. ಇಪ್ಪತ್ತು ವರ್ಷ ಗೊತ್ತಿದ್ದೂ ನೀವು, ತಾವು ಅಂದನಂತೆ, ಮಗಳನ್ನು ಎತ್ತಿಕೊಳ್ಳಲು ಕೊಟ್ಟನಂತೆ, ಡಗ್‌ಔಟಿನಲ್ಲಿ ತಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದನಂತೆ. ಒಬ್ಬ ಮನುಷ್ಯನ ಗುಟ್ಟನ್ನು ಇಷ್ಟು ವರ್ಷ ಕಾಪಾಡುವುದೂ ಒಂದು ಬಗೆಯ ಹಿಂಸೆಯೇ. ಹೀಗೆಲ್ಲ ಬೈದುಕೊಳ್ಳುತ್ತ ಸಮುದ್ರದ ಪಕ್ಕದ ಹೆದ್ದಾರಿಗೆ ಬಂದ. ಎಡಕ್ಕೆ ಗಿರಣಿಯ ಕಬ್ಬು ಹೂಬಿಟ್ಟು ನಿಂತಿತ್ತು. ರಸ್ತೆಬದಿಯಲ್ಲಿ ಹಬ್ಬದ ಸೇಬು, ದ್ರಾಕ್ಷಿ ಮಾರುವವರು ಕಾರಿನ ಕಿಟಕಿಗೇ ಬಂದರು. ಚೀಲದಿಂದ ಬಾಳೆಲೆಯ ಹಬೆ ಕಾರಿನ ತುಂಬ ಹರಡಿ, ಆ ವಾಸನೆಯಲ್ಲಿ ಸಿಟ್ಟು ಹೆಚ್ಚು ದೂರ ಬರಲಿಲ್ಲ. ಇಪ್ಪತ್ತು ವರ್ಷ ತಾನು ಹೊತ್ತು ತಿರುಗಿದ್ದನ್ನು ಇನ್ನೊಬ್ಬನೂ ಹೊತ್ತಿದ್ದ, ಅದೂ ಸುಮ್ಮನೆ. ಅದಕ್ಕೆ ಸಿಟ್ಟು ಮಾಡಿಕೊಂಡವನು ಎಂಥ ಮನುಷ್ಯ?

ಆಗ ಅವನಿಗೆ ಇನ್ನೊಂದು ಹೊಳೆಯಿತು. ಬೆಳಗಿನಿಂದ ಅವನು ಊರೇನನ್ನುತ್ತದೆ, ಬೊಲಿವಾರ್ ಏನನ್ನುತ್ತಾನೆ, ಅಧ್ಯಕ್ಷ ಏನಂದ, ಕೊಂಪಾದ್ರೆ ಏನಂದ ಎಂದು ಇಷ್ಟನ್ನೇ ಮೆಲುಕು ಹಾಕಿದ್ದ. ಅನ್ಸೆಲ್ಮೊ ಹಿಂದೆ ಕೂತರೆ ತಂಡ ಗೆಲ್ಲುತ್ತದೋ ಇಲ್ಲವೋ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಇದಕ್ಕಲ್ಲವೇ ತನಗೆ ಸಂಬಳ? ಕೇಳಿಕೊಂಡ. ತನ್ನ ಪಿಚರುಗಳೆಲ್ಲ ಕೆಳಗೆ ಎಸೆಯುವವರು. ಬ್ಯಾಟಿನ ಮುಂದೆ ಬಂದು ನೆಲಕ್ಕೆ ಕುಸಿಯುವ ಚೆಂಡು, ಅದೇ ಅವರ ಬದುಕು. ಅಂಥ ಚೆಂಡು ಮಣ್ಣಿಗೆ ಬಿದ್ದು ಎತ್ತೆತ್ತಲೋ ಪುಟಿಯುತ್ತದೆ, ಕ್ಯಾಚರ್ ಮೊಣಕಾಲೂರಿ ಎದೆಯೊಡ್ಡಿ ಅದನ್ನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಮೂರನೇ ಬೇಸಿನಲ್ಲಿ ಕಾದಿರುವವನು ನಡೆದುಕೊಂಡೇ ಮನೆಗೆ, ಅಂದರೆ ಕ್ಯಾಚರನ ಮುಂದಿನ ಕೊನೆಯ ಬೇಸಿಗೆ, ಬಂದು ರನ್ ಗಳಿಸಿಬಿಡುತ್ತಾನೆ. ಅನ್ಸೆಲ್ಮೊ ಈ ಸಲ ಹಾಗೆ ಬಿಟ್ಟದ್ದು ಎರಡು ಚೆಂಡು. ಕ್ರಿಸ್ಮೆಲ್ ಅದಕ್ಕಿಂತ ಕಡಿಮೆ ಆಟ ಆಡಿ ಹನ್ನೊಂದು ಬಿಟ್ಟಿದ್ದಾನೆ. ಬಂದೂಕಿನ ಕೈಯ ಹುಡುಗ ಎಸೆಯುವ ಆತುರದಲ್ಲಿ ಹಿಡಿಯುವುದಕ್ಕೆ ಮುಂಚೆಯೇ ಏಳುತ್ತಾನೆ. ಅವನು ಬಿಟ್ಟಾನೆಂದು ಹೆದರಿ ಪಿಚರುಗಳು ಚೆಂಡನ್ನು ಮೇಲೆ ಎಸೆಯತೊಡಗಿದರೆ ಬ್ಯಾಟಿನ ಹೊಡೆತಕ್ಕೆ ಅದು ಗೋಡೆಯಾಚೆ ಕಬ್ಬಿನ ಗದ್ದೆಯಲ್ಲಿ ಬೀಳುತ್ತದೆ. ಕಳ್ಳರು ಎರಡನೇ ಬೇಸಿಗೆ ಹೋಗಲಿ. ಅಲ್ಲಿಂದ ಮನೆ ದೂರವಿದೆ. ಇಷ್ಟು ಯೋಚಿಸಿ, ಇದು ಆಟದ ಮಾತೋ ಪ್ರೀತಿಯ ಮಾತೋ ಎಂದು ತನ್ನನ್ನು ತಾನೇ ಸಂಶಯದಿಂದ ನೋಡಿಕೊಂಡ. ಎರಡೂ ಇತ್ತು. ಆ ಮನುಷ್ಯನನ್ನು ಕಂಡರೆ ತನಗೆ ಪ್ರಾಣ, ಅದನ್ನು ಯಾರಿಗೆ ಹೆದರಿ ಅಲ್ಲಗಳೆಯಬೇಕು? ಪ್ರೀತಿಸುವವನ ಬಗ್ಗೆ ಸರಿಯಾದ ಮಾತು ಹೇಳಬಾರದೆಂದು ಎಲ್ಲಿ ಬರೆದಿದೆ? ಅವನು ಗಾಡಿ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಎಲೆಕಟ್ಟು ಬಿಚ್ಚಿಟ್ಟುಕೊಂಡು, ಬೆಳಗಿನಿಂದ ಮೊದಲ ಸಲ ಹೊಟ್ಟೆತುಂಬ ತಿಂದ.

ಆಯ್ಕೆ ನಡೆಯಬೇಕಿದ್ದ ರಾಜಧಾನಿಯ ಹೋಟೆಲಿನ ಸಭಾಂಗಣದಲ್ಲಿ ಏಸಿ ಎಷ್ಟು ಜೋರಾಗಿತ್ತೆಂದರೆ ದೋನ್ ಪ್ಲಾಸಿದೊ ಕೋಟು ಹಾಕಿಕೊಂಡಿದ್ದ. ಅವನು ಕಣ್ಣಲ್ಲೇ ಚೀಟಿ ಕೇಳಿದ. ರಾದಾಮೆಸ್ ಅದನ್ನು ಮೇಜಿನ ಮೇಲಿಟ್ಟ, ಕೆಳಗಿನ ಸಾಲು ಖಾಲಿಯಿತ್ತು. ಅಧ್ಯಕ್ಷ ಅದನ್ನು ನೋಡಿ, ದನಿ ಎತ್ತದೆ, ರುಜು ಇಲ್ಲದಿದ್ದರೂ ನಡೆಯುತ್ತದೆ ಎಂದ. ನಡೆಯುವುದಿಲ್ಲ ಎಂದ ರಾದಾಮೆಸ್. ಹಾಗಾದರೆ ಮೊದಲ ಎರಡು ಆಟ ಸೋತರೆ ಅವನ ಜೊತೆ ನೀವೂ ಮನೆಗೆ ಎಂದ ದೋನ್ ಪ್ಲಾಸಿದೊ, ಇನ್ನಷ್ಟು ಮೆತ್ತಗೆ. ಆಗಲಿ ಎಂದ. ಇಷ್ಟು ಸುಲಭವಾಗಿ ಆಗಲಿ ಅನ್ನಬಹುದೆಂದು ಅವನಿಗೆ ಮೂವತ್ತಮೂರನೇ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ! ನಮ್ಮ ತಂಡದ ಸರದಿ ಬಂದಾಗ ಇಡೀ ಸಭಾಂಗಣ ಕ್ರಿಸ್ಮೆಲ್ ಹೆಸರು ಬರೆದುಕೊಳ್ಳಲು ಪೆನ್ನು ಹಿಡಿದು ಕಾದಿತ್ತು. ರಾದಾಮೆಸ್ ಮೈಕಿನಲ್ಲಿ ಹೇಳಿದ್ದು ಒಬ್ಬ ಎಡಗೈ ಪಿಚರನ ಹೆಸರು, ಕೆಳಗೆ ಎಸೆಯುವುದು ಬಿಟ್ಟು ಬೇರೇನೂ ಬಾರದವನ ಹೆಸರು. ಅವನಿಗಾಗಿ ಇಳಿಸಿದ್ದು ಬೆಂಚು ಕಾಯುತ್ತಿದ್ದ ಮೂರನೇ ಕ್ಯಾಚರನನ್ನು, ಅದಕ್ಕೂ ಗಾಯ ಅಂತ ಬರೆಸಲಿಲ್ಲ. ಪಕ್ಕದ ಮೇಜಿನವರು ನಕ್ಕು, ತಮ್ಮ ಸರದಿಯಲ್ಲಿ ಕ್ರಿಸ್ಮೆಲ್‌ನನ್ನು ಎತ್ತಿಕೊಂಡರು. ಬಾಗಿಲಲ್ಲೇ ಬೊಲಿವಾರ್ ಮೈಕು ಹಿಡಿದು ಅಡ್ಡ ನಿಂತ.

“ಕೊಂಪಾದ್ರೆ ಅಂತ ಉಳಿಸ್ಕೊಂಡ್ರಾ ರಾದಾಮೆಸ್?”

“ಕೊಂಪಾದ್ರೆ ಹೌದು. ಕೈ ನಿಧಾನ, ಅದೂ ಹೌದು. ಇನ್ನೂ ಕದೀತಾರೆ, ಬರ್ಕೊಳ್ಳಿ. ಎರಡನೇ ಬೇಸಿಗೆ ಹೋಗ್ಲಿ, ಮೂರನೇದಕ್ಕೂ ಹೋಗ್ಲಿ. ಮನೆಗೆ ಬರೋಕೆ ಅನ್ಸೆಲ್ಮೊ ಅವರ ಎದೆ ದಾಟ್ಬೇಕಲ್ಲ. ಸೋತ್ರೆ ಅವರನ್ನ ಬೈಬೇಡಿ, ನನ್ನ ಹೆಸರು ಹಿಡಿದು ಬೈರಿ. ಹೆಸರು ನಿಮಗೆ ಬಾಯಿಪಾಠ ಇದೆ.”

ಕಾರಿನಿಂದ ಅನ್ಸೆಲ್ಮೊಗೆ ಫೋನ್ ಮಾಡಿದ. ಆ ಕಡೆ ಹಿಟ್ಟು ಕಲಸುವ, ಯಾರೋ ಹಾಡುವ ಗದ್ದಲ. ಉಳಿಸಿಕೊಂಡಿದ್ದೇನೆ ಎಂದು ಹೇಳಲು ಅವನಿಗೆ ನಾಚಿಕೆಯಾಯಿತು, ದಾನ ಕೊಟ್ಟಂತೆ ಕೇಳುತ್ತದೆ. “ಕೊಂಪಾದ್ರೆ, ಆ ಎಡಗೈಯವನ ಚೆಂಡು ನಿಮ್ಮನ್ನ ದಾಟಿ ಹೋದ ದಿನ ಎಲ್ಲರ ಎದುರಿಗೇ ನಾನೇ ನಡ್ಕೊಂಡು ಬಂದು ಇಳಿಸ್ತೀನಿ. ಗಾಯ ಗೀಯ ಏನಿಲ್ಲ,” ಎಂದ. “ಹಾಗೆ ಹೇಳಿ,” ಎಂದ ಅನ್ಸೆಲ್ಮೊ, “ನಾಳೆ ಊಟಕ್ಕೆ ಬನ್ನಿ.”

ಇಪ್ಪತ್ತೆಂಟರ ಮಧ್ಯಾಹ್ನ ನಾಲ್ಕಕ್ಕೆ ನಮ್ಮೂರಲ್ಲೇ ಮೊದಲ ಆಟ. ಅಧ್ಯಕ್ಷರಿಗೆಂದಿದ್ದ ಬಾಕ್ಸಿನಲ್ಲಿ ದೋನ್ ಪ್ಲಾಸಿದೊ ಕೋಟಿಲ್ಲದೆ ಕೂತಿದ್ದ. ಮೂರನೇ ಇನ್ನಿಂಗ್ಸಿನೊಳಗೆ ಎದುರಾಳಿಗಳು ಎರಡು ಬೇಸ್ ಕದ್ದರು. ಎರಡನೇ ಸಲ ಅನ್ಸೆಲ್ಮೊನ ಚೆಂಡು ಒಂದು ಸಲ ಪುಟಿದು ತಲುಪಿತು, ಕಳ್ಳ ಆಗಲೇ ಎದ್ದು ನಿಂತು ಜನರಿಗೆ ಕೈ ಬೀಸುತ್ತಿದ್ದ. ನಮ್ಮದೇ ಜನ, ನಮ್ಮದೇ ಸ್ಟೇಡಿಯಂ, ತಗಡಿನ ಮಾಡಿನ ಕೆಳಗಿಂದ ಕೂಗು ಎದ್ದಿತು, ಮೊದಲು ಅಲ್ಲಲ್ಲಿ, ಆಮೇಲೆ ಚಪ್ಪಾಳೆಯ ತಾಳಕ್ಕೆ: ಕೊಂ-ಪಾ-ದ್ರೆ, ಕೊಂ-ಪಾ-ದ್ರೆ. ನಾಲ್ಕನೆಯದರಲ್ಲಿ ಇನ್ನೊಬ್ಬ ಎರಡನೆಯದನ್ನೂ ಮೂರನೆಯದನ್ನೂ ಒಂದರ ಹಿಂದೊಂದು ಕದ್ದು ಮೂರನೇ ಬೇಸಿನ ಮೇಲೆ ಕಾಲಿಟ್ಟು ನಿಂತ. ಅನ್ಸೆಲ್ಮೊ ಮುಖವಾಡ ತೆಗೆಯದೆಯೇ ಡಗ್‌ಔಟಿನ ಕಡೆ ತಿರುಗಿದ. ಬೇರೆ ಕ್ಯಾಚರ್ ಯಾರಾದರೂ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾನೆಯೇ ಎಂದು ಅವನು ನೋಡುತ್ತಿದ್ದಾನೆಂದು ರಾದಾಮೆಸನಿಗೆ ಅರ್ಥವಾಯಿತು, ಮತ್ತು ಹಾಗೆ ನೋಡುವಂತಾದದ್ದು ಅವನಿಗೆ ಎಷ್ಟು ಕಷ್ಟ ಎಂದೂ.

ರಾದಾಮೆಸ್ ನೆರಳಿನಿಂದ ಎದ್ದು ಡಗ್‌ಔಟಿನ ಮೇಲಿನ ಮೆಟ್ಟಿಲು ಹತ್ತಿ ಬಿಸಿಲಿಗೆ ಬಂದ. ಇಳಿಸಲು ಬಂದನೆಂದುಕೊಂಡು ಜನ ಒಂದು ಕ್ಷಣ ಹಿಗ್ಗಿದರು. ಅವನು ಮೈದಾನದ ಗೆರೆ ದಾಟಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಬೋಳುತಲೆ ಎಲ್ಲರಿಗೂ ಕಾಣುವ ಹಾಗೆ ಅಲ್ಲೇ ನಿಂತ. ಕೂಗು ಎರಡರಷ್ಟಾಯಿತು. ಎಡಗೈಯವನು ಚೆಂಡು ಹಿಡಿದು ಸನ್ನೆಗಾಗಿ ಕಾಯುತ್ತಿದ್ದ. ಮೂರನೆಯದರಲ್ಲಿ ಓಟಗಾರನಿದ್ದಾಗ ಬುದ್ಧಿಯಿರುವವರು ಮೇಲಿನ ಚೆಂಡನ್ನೇ ಕೇಳುತ್ತಾರೆ. ರಾದಾಮೆಸ್ ಬಗ್ಗಿ ತನ್ನ ಪಾದದ ಹತ್ತಿರ ನೆಲ ಮುಟ್ಟಿ ತೋರಿಸಿದ, ಮಣ್ಣಿಗೆ. ಅನ್ಸೆಲ್ಮೊ ಅದನ್ನು ನೋಡಿ ತಿರುಗಿ ಕುಕ್ಕರಿಸಿದ. ಚೆಂಡು ಬ್ಯಾಟಿನ ಕೆಳಗೆ ಕುಸಿದು ಮಣ್ಣಿಗೆ ಬಡಿದು ಪಕ್ಕಕ್ಕೆ ಪುಟಿಯುವಷ್ಟರಲ್ಲಿ ಆ ಎರಡು ಮೊಣಕಾಲೂ ನೆಲಕ್ಕೆ ಅಪ್ಪಳಿಸಿದ್ದವು. ಅದು ಅವನ ಎದೆಗೆ ಹೊಡೆದು ಮುಂದೆಯೇ ಬಿತ್ತು. ಮೂರನೇ ಬೇಸಿನವನು ನಾಲ್ಕು ಹೆಜ್ಜೆ ಬಂದವನು ತಿರುಗಿ ಓಡಿದ. ಕೂಗು ನಿಲ್ಲಲಿಲ್ಲ. ರಾದಾಮೆಸ್ ಮತ್ತೆ ಬಗ್ಗಿ ಅದೇ ಜಾಗ ಮುಟ್ಟಿ ತೋರಿಸಿದ.